ಓದುವಾಗಲೇ ಕೆಲಸ: ಹುಡುಕುವುದು ಹೇಗೆ, ಸಿಕ್ಕಿದ್ದನ್ನು ಅಳೆಯುವುದು ಹೇಗೆ?

ಹೆಚ್ಚಿನ ವಿದ್ಯಾರ್ಥಿಗಳು ಕೆಲಸ ಹುಡುಕುವ ಕ್ರಮ ಹೀಗಿರುತ್ತದೆ. ಮೊದಲು ಕಣ್ಣಿಗೆ ಬಿದ್ದ ಜಾಹೀರಾತಿಗೆಲ್ಲ ಅರ್ಜಿ ಹಾಕುತ್ತಾರೆ. ಯಾರಾದರೂ ಕರೆದರೆ ಸಂದರ್ಶನಕ್ಕೆ ಓಡುತ್ತಾರೆ. ಆಫರ್ ಲೆಟರ್ ಕೈಗೆ ಬಂದ ಮೇಲೆ, 'ಇದು ಒಳ್ಳೆಯ ಕೆಲಸವಾ?' ಎಂಬ ಪ್ರಶ್ನೆ ಮೊದಲ ಸಲ ಏಳುತ್ತದೆ. ಅಷ್ಟು ಹೊತ್ತಿಗೆ ಉತ್ತರ ಕೊಡಲು ಒಂದೆರಡು ದಿನ ಉಳಿದಿರುತ್ತದೆ. ಮನಸ್ಸು ಆಗಲೇ 'ಹೂಂ' ಅಂದಿರುತ್ತದೆ.

ತೊಂದರೆ ಇರುವುದು ಈ ಕ್ರಮದಲ್ಲೇ. ಹುಡುಕುವುದು ಒಂದು ಹಂತ, ಅಳೆಯುವುದು ಇನ್ನೊಂದು ಹಂತ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಎರಡೂ ಒಟ್ಟಿಗೆ ನಡೆದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಒಂದು ಕಡೆ ಕೆಲಸ ಖಾಲಿ ಇದೆ ಎಂದು ಹೇಳುವವರೇ ಅಲ್ಲಿ ಒಳಗೆ ಹೇಗಿದೆ ಅಂತಲೂ ಹೇಳಬಲ್ಲರು. ಜಾಹೀರಾತು ಮೊದಲನೆಯದನ್ನಷ್ಟೇ ಹೇಳುತ್ತದೆ, ಅದನ್ನೂ ತನಗೆ ಬೇಕಾದ ಹಾಗೆ.

ಯಾತಕ್ಕೆ ಈ ಕೆಲಸ?

ವಿದ್ಯಾರ್ಥಿ ಕೆಲಸಕ್ಕೆ ಸೇರಲು ಮುಖ್ಯವಾಗಿ ಮೂರು ಕಾರಣ ಇರುತ್ತವೆ. ಈಗಲೇ ದುಡ್ಡು ಬೇಕು. ಇಲ್ಲವೇ ಒಂದು ಕಸುಬು ಕಲಿಯಬೇಕು. ಇಲ್ಲವೇ ಈ ಕ್ಷೇತ್ರ ತನಗೆ ಒಗ್ಗುತ್ತದಾ ಎಂದು ನೋಡಬೇಕು. ಮೂರೂ ಒಂದೇ ಕೆಲಸದಲ್ಲಿ ಸಿಗುವುದು ಅಪರೂಪ. ಯಾವುದು ಮುಖ್ಯ ಎಂದು ಮೊದಲೇ ತೀರ್ಮಾನ ಮಾಡದಿದ್ದರೆ, ಎದುರಿಗಿರುವವರು ತಮ್ಮಲ್ಲಿ ಏನಿದೆಯೋ ಅದನ್ನೇ ದೊಡ್ಡದು ಮಾಡಿ ತೋರಿಸುತ್ತಾರೆ. ದುಡ್ಡು ಕೊಡಲಾಗದವರು 'ಅನುಭವ' ಅನ್ನುತ್ತಾರೆ. ಕಲಿಸಲಾಗದವರು 'ಬೋನಸ್' ಅನ್ನುತ್ತಾರೆ.

ದುಡ್ಡಿಗಾಗಿ ಮಾಡುವ ಪಾರ್ಟ್ ಟೈಮ್ ಕೆಲಸವನ್ನು ಕೀಳಾಗಿ ನೋಡುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಫೀಸು ಕಟ್ಟಲು ದುಡ್ಡು ಬೇಕಾದವರಿಗೆ ಸಮಯಕ್ಕೆ ಸರಿಯಾಗಿ ಸಂಬಳ ಕೊಡುವ, ಪರೀಕ್ಷೆ ಬಂದಾಗ ರಜೆ ಕೊಡುವ ಸಾಧಾರಣ ಕೆಲಸವೇ ಒಳ್ಳೆಯ ಕೆಲಸ. ಅದಕ್ಕೆ 'ಕರಿಯರ್‌ಗೆ ಏನು ಉಪಯೋಗ?' ಎಂಬ ಅಳತೆಗೋಲು ಹಿಡಿಯುವುದು ಸುಮ್ನೆ ತಲೆನೋವು.

ಕೆಲಸದ ಸುದ್ದಿ ಯಾರಿಂದ ಬರುತ್ತದೆ?

ಇದರ ಬಗ್ಗೆ ಸಮಾಜಶಾಸ್ತ್ರದಲ್ಲಿ ಒಂದು ಹೆಸರಾಂತ ಸಂಶೋಧನೆ ಇದೆ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಒಂದು ಲೇಖನ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದ್ದರು. ಸುದ್ದಿ ಕೊಟ್ಟ ಆ ಪರಿಚಯಸ್ಥರನ್ನು ಆ ಹೊತ್ತಿನಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಆಗಾಗ ಎಂದವರು ಸುಮಾರು 17%. ಯಾವಾಗಾದರೊಮ್ಮೆ ಎಂದವರು ಸುಮಾರು 56%. ತೀರಾ ಅಪರೂಪ ಎಂದವರು ಸುಮಾರು 28%. ಅಂದರೆ ದಿನಾ ಜೊತೆಗಿರುವ ಗೆಳೆಯರಿಗಿಂತ, ಅಷ್ಟೇನೂ ಹತ್ತಿರವಲ್ಲದವರಿಂದ ಕೆಲಸದ ಸುದ್ದಿ ಜಾಸ್ತಿ ಬಂದಿತ್ತು.

ಕಾರಣ ಸರಳ. ನಿಮ್ಮ ಹತ್ತಿರದ ಗೆಳೆಯರು ನೀವು ಓದುವಲ್ಲೇ ಓದುತ್ತಾರೆ, ನೀವಿರುವ ವಾಟ್ಸ್‌ಆಪ್ ಗುಂಪುಗಳಲ್ಲೇ ಇರುತ್ತಾರೆ. ನಿಮಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿರುವುದಿಲ್ಲ. ಎರಡು ವರ್ಷ ಹಿಂದಿನ ಸೀನಿಯರ್ ಈಗ ಬೇರೆ ಕಡೆ, ಬೇರೆ ಜನರ ನಡುವೆ ಇದ್ದಾರೆ. ಅವರ ಕಿವಿಗೆ ಬೀಳುವ ಸುದ್ದಿಯೇ ಬೇರೆ.

ಅದು ಸಣ್ಣ ಅಧ್ಯಯನ, ಕಾಲವೂ ಹಳೆಯದು ಎಂದು ಅನುಮಾನ ಪಡುವವರಿಗೆ ಇನ್ನೊಂದಿದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಉದ್ಯೋಗದ ಪರಿಚಯಗಳಿಗಾಗಿ ಇರುವ ಜಾಲತಾಣ ಲಿಂಕ್ಡ್‌ಇನ್ ಮೇಲೆ ನಡೆದ ಪ್ರಯೋಗಗಳ ವಿವರ ಬಂತು. ಐದು ವರ್ಷಗಳಲ್ಲಿ 2 ಕೋಟಿ ಜನರನ್ನು ಒಳಗೊಂಡ ಪ್ರಯೋಗ ಅದು. 'ಇವರು ನಿಮಗೆ ಗೊತ್ತಿರಬಹುದು' ಎಂದು ತೋರಿಸುವ ಪಟ್ಟಿಯನ್ನು ಬೇರೆ ಬೇರೆಯವರಿಗೆ ಬೇರೆ ಬೇರೆ ರೀತಿ ತೋರಿಸಿ, ಮುಂದೆ ಯಾರು ಎಲ್ಲಿ ಕೆಲಸಕ್ಕೆ ಸೇರಿದರು ಎಂದು ಗಮನಿಸಿದರು. ಗ್ರಾನೊವೆಟರ್ ಹೇಳಿದ್ದು ಬಹುಪಾಲು ನಿಂತಿತು, ಒಂದು ತಿದ್ದುಪಡಿಯೊಂದಿಗೆ. ಹೆಚ್ಚು ನೆರವಾದದ್ದು ತೀರಾ ಅಪರಿಚಿತರೂ ಅಲ್ಲ, ಆಪ್ತರೂ ಅಲ್ಲ, ನಡುವಿನ ಪರಿಚಯದವರು. ಡಿಜಿಟಲ್ ಕೆಲಸ ಜಾಸ್ತಿ ಇರುವ ಉದ್ಯಮಗಳಲ್ಲಿ ಇದು ಇನ್ನೂ ಎದ್ದು ಕಂಡಿತು. ಅದು ಕಡಿಮೆ ಇರುವ ಕಡೆ ಹತ್ತಿರದವರೇ ಜಾಸ್ತಿ ಉಪಯೋಗಕ್ಕೆ ಬಂದರು.

ವಿದ್ಯಾರ್ಥಿಗೆ ಇಂಥ ನಡುವಿನ ಪರಿಚಯ ಎಲ್ಲಿಂದ ಬರಬೇಕು? ಇದಕ್ಕೆ ದೊಡ್ಡ ಮನೆತನ ಬೇಕಿಲ್ಲ. ಹಿಂದಿನ ಬ್ಯಾಚಿನವರು, ಪ್ರಾಜೆಕ್ಟ್ ನೋಡಲು ಹೊರಗಿನಿಂದ ಬಂದ ಪರೀಕ್ಷಕರು, ಇಂಟರ್ನ್‌ಶಿಪ್‌ನಲ್ಲಿ ಪಕ್ಕದ ಟೇಬಲಿನಲ್ಲಿದ್ದವರು, ಯಾವುದೋ ಕಾರ್ಯಾಗಾರದಲ್ಲಿ ಪಾಠ ಮಾಡಿದವರು. ಇವರೆಲ್ಲ ನಿಮ್ಮ ಪಟ್ಟಿಯಲ್ಲಿ ಆಗಲೇ ಇದ್ದಾರೆ. ಮಾತಾಡಿಸಿಲ್ಲ ಅಷ್ಟೇ.

ಮಾತಾಡಿಸುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. 'ಸರ್, ಯಾವುದಾದರೂ ಕೆಲಸ ಇದ್ದರೆ ಹೇಳಿ' ಎಂಬ ಸಂದೇಶಕ್ಕೆ ಉತ್ತರ ಬರುವುದಿಲ್ಲ. ಬರೆದವರಿಗೆ ಏನು ಬೇಕು ಎಂಬುದೇ ಓದಿದವರಿಗೆ ಗೊತ್ತಾಗುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: 'ನಮಸ್ತೆ ಮೇಡಂ, ನೀವು ಓದಿದ ವಿಭಾಗದಲ್ಲೇ ನಾನು ಕೊನೆಯ ವರ್ಷ ಓದುತ್ತಿದ್ದೇನೆ. ನೀವು ಡೇಟಾ ಅನಾಲಿಸಿಸ್ ಕೆಲಸದಲ್ಲಿದ್ದೀರಿ ಎಂದು ನೋಡಿದೆ. ದಿನದ ಕೆಲಸ ಹೇಗಿರುತ್ತದೆ, ಸೇರುವಾಗ ಏನು ಗೊತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಹದಿನೈದು ನಿಮಿಷ ಕೇಳಬಹುದಾ?' ಇಲ್ಲಿ ಕೆಲಸ ಕೇಳಿಲ್ಲ. ಅವರಿಗೆ ಖಂಡಿತ ಗೊತ್ತಿರುವ ವಿಷಯ ಕೇಳಿದ್ದೀರಿ. ಆ ಹದಿನೈದು ನಿಮಿಷದಲ್ಲಿ ನಿಮಗೆ ಎರಡು ಲಾಭ. ಅವರ ನೆನಪಿನಲ್ಲಿ ನೀವು ಉಳಿಯುತ್ತೀರಿ. ಆ ಕೆಲಸ ಬೇಕೋ ಬೇಡವೋ ಎಂಬುದೂ ಅರ್ಧ ಗೊತ್ತಾಗುತ್ತದೆ.

ಎಲ್ಲರೂ ಉತ್ತರಿಸುವುದಿಲ್ಲ. ಒಂದು ವಾರ ಬಿಟ್ಟು ಒಂದು ಸಲ ನೆನಪು ಮಾಡಿ, ಆಮೇಲೆ ಬಿಟ್ಟುಬಿಡಿ.

ಜಾಹೀರಾತನ್ನು ಓದುವ ಬಗೆ

ಹಾಗಂತ ಜಾಬ್ ಪೋರ್ಟಲ್‌ಗಳನ್ನು ಬಿಡಬೇಕಾಗಿಲ್ಲ. ಓದುವ ಬಗೆ ಬದಲಾಗಬೇಕು.

ಮೊದಲು ತಾರೀಕು ನೋಡಿ. ಎಷ್ಟೋ ತಿಂಗಳಿಂದ ಹಾಗೇ ತೂಗುತ್ತಿರುವ ಜಾಹೀರಾತಿನ ಹಿಂದೆ ಕೆಲಸವೇ ಇಲ್ಲದಿರಬಹುದು. ಅಥವಾ ಸೇರಿದವರು ನಿಲ್ಲದೆ ಮತ್ತೆ ಮತ್ತೆ ಕರೆಯುತ್ತಿರಬಹುದು. ಅದೇ ಕೆಲಸ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೂ ಇದೆಯಾ ನೋಡಿ. ಇದ್ದರೆ ಅಲ್ಲಿಂದಲೇ ಅರ್ಜಿ ಹಾಕಿ.

ಆಮೇಲೆ ಕ್ರಿಯಾಪದಗಳನ್ನು ಹುಡುಕಿ. ಒಳ್ಳೆಯ ಜಾಹೀರಾತಿನಲ್ಲಿ ಏನು ಮಾಡಬೇಕು ಎಂದು ಇರುತ್ತದೆ: ಗ್ರಾಹಕರ ಕರೆಗೆ ಉತ್ತರಿಸುವುದು, ವಾರದ ವರದಿ ಬರೆಯುವುದು, ಕೋಡ್ ಪರೀಕ್ಷಿಸುವುದು. 'ಹುಮ್ಮಸ್ಸಿನ ಯುವಕ ಯುವತಿಯರು ಬೇಕು', 'ನಾವೆಲ್ಲ ಒಂದೇ ಕುಟುಂಬ', 'ಮಿತಿಯಿಲ್ಲದ ಗಳಿಕೆ' ಎಂಬ ಮಾತುಗಳೇ ತುಂಬಿಕೊಂಡು, ಮಾಡುವ ಕೆಲಸ ಒಂದು ಸಾಲೂ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಕಮಿಷನ್ ಮೇಲೆ ನಡೆಯುವ ಮಾರಾಟದ ಕೆಲಸ. ಮಾರಾಟ ಮಾಡುವುದು ತಪ್ಪಲ್ಲ. ಅದನ್ನು ಮುಚ್ಚಿಡುವುದು ತಪ್ಪು.

ಅರ್ಹತೆಗಳ ಪಟ್ಟಿ ನೋಡಿ ಹೆದರಬೇಡಿ. ಅದರಲ್ಲಿ ಕೆಲವು ಕಡ್ಡಾಯ, ಉಳಿದವು ಬರೆದವರ ಆಸೆ. ಪರವಾನಗಿ, ಪದವಿ, ಭಾಷೆಯಂಥವು ಕಡ್ಡಾಯದ ಸಾಲಿಗೆ ಸೇರುತ್ತವೆ. ಮುಖ್ಯವಾದದ್ದು ನಿಮ್ಮಲ್ಲಿದ್ದರೆ ಅರ್ಜಿ ಹಾಕಿ.

ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಒಂದು ಸಾಫ್ಟ್‌ವೇರ್ ಜೋಡಿಸಿಡುತ್ತದೆ. ಮನುಷ್ಯರು ನೋಡುವುದು ಆಮೇಲೆ. ಹಾಗಾಗಿ ರೆಸ್ಯೂಮೆಯಲ್ಲಿ ಚಿತ್ರ, ಎರಡು ಕಾಲಂ, ಬಣ್ಣದ ಪಟ್ಟಿ ಬೇಡ. ಜಾಹೀರಾತಿನಲ್ಲಿರುವ ಪದಗಳನ್ನೇ, ನಿಮಗೆ ನಿಜವಾಗಿ ಗೊತ್ತಿದ್ದರೆ, ಬಳಸಿ. ಯಂತ್ರದ ತೀರ್ಪನ್ನು ತೀರಾ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಮೆಜಾನ್ ತಾನೇ ಬೆಳೆಸುತ್ತಿದ್ದ ಒಂದು ರೆಸ್ಯೂಮೆ ಆರಿಸುವ ವ್ಯವಸ್ಥೆಯನ್ನು ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂತು. ಹಳೆಯ ಅರ್ಜಿಗಳಲ್ಲಿ ಗಂಡಸರದೇ ಜಾಸ್ತಿ ಇದ್ದದ್ದರಿಂದ, ಅದು ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ಕೊಡುವುದನ್ನು ಕಲಿತುಬಿಟ್ಟಿತ್ತು.

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಬೇಕು

ಸಂದರ್ಶನದ ಕೊನೆಗೆ 'ನಿಮಗೇನಾದರೂ ಕೇಳಬೇಕಾ?' ಅನ್ನುತ್ತಾರೆ. 'ಇಲ್ಲ ಸರ್' ಎಂದು ಎದ್ದುಬರುವುದು ದೊಡ್ಡ ನಷ್ಟ. ಒಳಗಿನ ಮಾಹಿತಿ ನೇರವಾಗಿ ಸಿಗುವ ಹೊತ್ತು ಅದೊಂದೇ.

'ಇಲ್ಲಿ ವಾತಾವರಣ ಹೇಗಿದೆ?' ಎಂದು ಕೇಳಿದರೆ 'ತುಂಬಾ ಚೆನ್ನಾಗಿದೆ' ಎಂಬ ಉತ್ತರವೇ ಬರುವುದು. ನಡೆದದ್ದನ್ನು ಕೇಳಿ. ಈ ಜಾಗದಲ್ಲಿ ಮೊದಲು ಇದ್ದವರು ಈಗ ಎಲ್ಲಿದ್ದಾರೆ? ಕಳೆದ ವರ್ಷ ಬಂದ ಇಂಟರ್ನ್‌ಗಳು ಏನು ಮಾಡಿ ಹೋದರು, ಎಷ್ಟು ಜನರನ್ನು ಉಳಿಸಿಕೊಂಡಿರಿ? ಮೊದಲ ತಿಂಗಳು ನನ್ನ ಕೆಲಸ ಯಾರು ನೋಡುತ್ತಾರೆ, ತಪ್ಪಾದರೆ ಯಾರು ಹೇಳುತ್ತಾರೆ? ನಿನ್ನೆ ಈ ಕೆಲಸದಲ್ಲಿದ್ದವರು ಬೆಳಗಿನಿಂದ ಸಂಜೆವರೆಗೆ ಏನೇನು ಮಾಡಿದರು? ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಉತ್ತರ ತೇಲಿಸಿದರೆ ಅದೂ ಒಂದು ಉತ್ತರವೇ.

ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ, ನನ್ನ ಕೆಲಸ ಯಾರು ನೋಡುತ್ತಾರೆ ಎಂಬುದನ್ನು ಆರಿಸುತ್ತೇನೆ. ಮೊದಲ ಕೆಲಸದಲ್ಲಿ ಕಲಿಕೆ ಬರುವುದು ಕಂಪನಿಯ ಹೆಸರಿನಿಂದಲ್ಲ. ನೀವು ಮಾಡಿದ್ದನ್ನು ಕೂತು ನೋಡಿ, 'ಇದು ಹೀಗಲ್ಲ, ಹಾಗೆ' ಎಂದು ತಿದ್ದುವ ಒಬ್ಬ ಮನುಷ್ಯರಿಂದ. ದೊಡ್ಡ ಹೆಸರಿನ ಜಾಗದಲ್ಲಿ ಯಾರೂ ಕೇಳದೆ ಆರು ತಿಂಗಳು ಎಕ್ಸೆಲ್ ತುಂಬಿದವರು ಎಷ್ಟೋ ಮಂದಿ. ರೆಸ್ಯೂಮೆಗೆ ಆ ಹೆಸರು ಒಂದು ಸಲ ಬಾಗಿಲು ತೆರೆಸಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ಸಂದರ್ಶನದಲ್ಲಿ 'ಅಲ್ಲಿ ಏನು ಮಾಡಿದಿರಿ?' ಎಂದು ಕೇಳಿದಾಗ ಹೇಳಲು ಏನಾದರೂ ಇರಬೇಕಲ್ವಾ?

ಇನ್ನೊಂದು ಮಾತು. ಕೆಲಸಕ್ಕೆ ಆರಿಸುವ ವಿಧಾನಗಳ ಬಗ್ಗೆ ಮನಶ್ಶಾಸ್ತ್ರಜ್ಞರು ಹಲವು ದಶಕ ಅಧ್ಯಯನ ಮಾಡಿದ್ದಾರೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ, ಮತ್ತು ನಿಜವಾದ ಕೆಲಸದ ಸಣ್ಣ ತುಣುಕನ್ನು ಮಾಡಿಸಿ ನೋಡುವ ಪರೀಕ್ಷೆ, ಇವೆರಡೂ ಸುಮ್ಮನೆ ಹರಟೆ ಹೊಡೆಯುವ ಸಂದರ್ಶನಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಇದರಲ್ಲಿ ನಿಮಗೂ ಒಂದು ಸುಳಿವಿದೆ. ಹತ್ತು ನಿಮಿಷ ಮಾತಾಡಿ 'ನಾಳೆಯಿಂದ ಬಾ' ಅನ್ನುವ ಜಾಗ, ಯಾರು ಬಂದರೂ ನಡೆಯುತ್ತದೆ ಎಂದು ಹೇಳಿದ ಹಾಗೆ. ಕೆಲಸದ ತುಣುಕು ಮಾಡಿಸಿದರೆ ಅದು ನಿಮಗೂ ಪರೀಕ್ಷೆಯೇ. ಮಾಡುವಾಗ ಬೇಜಾರಾಯಿತಾ, ಹೊತ್ತು ಹೋಗಿದ್ದು ಗೊತ್ತಾಗಲಿಲ್ಲವಾ ಎಂದು ಗಮನಿಸಿ. ಆದರೆ ಒಂದೆರಡು ಗಂಟೆಯ ಪರೀಕ್ಷೆ ಬೇರೆ, ಒಂದು ವಾರ ಬಿಟ್ಟಿಯಾಗಿ ಅವರ ಗ್ರಾಹಕರಿಗೆ ಬೇಕಾದ ಕೆಲಸ ಮಾಡಿಸಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಸಂಬಳ ಕೇಳಿ.

ಆನ್‌ಲೈನ್ ರಿವ್ಯೂಗಳನ್ನು ಓದುವಾಗ ಒಂದು ಎಚ್ಚರ. ಬರೆಯಲು ಕೂರುವವರು ಸಾಮಾನ್ಯವಾಗಿ ತುಂಬಾ ಸಿಟ್ಟು ಬಂದವರು ಅಥವಾ ಬರೆಯಿರಿ ಎಂದು ಹೇಳಿಸಿಕೊಂಡವರು. ನಕ್ಷತ್ರ ಎಷ್ಟಿದೆ ಎಂದು ನೋಡುವುದಕ್ಕಿಂತ, ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆಯವರು ಒಂದೇ ದೂರು ಹೇಳಿದ್ದಾರಾ ನೋಡಿ. ಒಂದೇ ವಾರದಲ್ಲಿ ಹತ್ತು ಹೊಗಳಿಕೆ ಬಂದಿದ್ದರೆ ಅನುಮಾನಿಸಿ.

ಸಂಬಳದ ಲೆಕ್ಕ

ಹೇಳಿದ ಸಂಬಳ ಒಂದು, ಕೈಗೆ ಬರುವುದು ಇನ್ನೊಂದು. ಎರಡು ಪಾರ್ಟ್ ಟೈಮ್ ಕೆಲಸ ಇವೆ ಅಂದುಕೊಳ್ಳಿ. ಒಂದರಲ್ಲಿ ಗಂಟೆಗೆ 100, ದಿನಕ್ಕೆ ನಾಲ್ಕು ಗಂಟೆ. ಇನ್ನೊಂದರಲ್ಲಿ ಗಂಟೆಗೆ 80, ಅದೂ ನಾಲ್ಕು ಗಂಟೆ. ಮೊದಲನೆಯದಕ್ಕೆ ಹೋಗಿಬರಲು ಎರಡು ಗಂಟೆ, ಖರ್ಚು 40. ಎರಡನೆಯದು ನಡೆದು ತಲುಪುವಷ್ಟು ಹತ್ತಿರ. ಮೊದಲನೆಯದರಲ್ಲಿ ದಿನಕ್ಕೆ ಉಳಿಯುವುದು 360, ಕಳೆಯುವುದು ಆರು ಗಂಟೆ. ಅಂದರೆ ಗಂಟೆಗೆ 60. ಎರಡನೆಯದರಲ್ಲಿ 80ಕ್ಕೆ 80. ಮೇಲಾಗಿ ಓದಲು ಎರಡು ಗಂಟೆ ಉಳಿಯಿತು.

ಪದವಿ ಮುಗಿದ ಮೇಲಿನ ಕೆಲಸಕ್ಕೂ ಇದೇ ತರ್ಕ. ವಾರ್ಷಿಕ ಮೊತ್ತದಲ್ಲಿ ಖಚಿತವಾದದ್ದು ಎಷ್ಟು, ಗುರಿ ಮುಟ್ಟಿದರೆ ಮಾತ್ರ ಬರುವುದು ಎಷ್ಟು ಎಂದು ಬಿಡಿಸಿ ಕೇಳಿ. ಸೇರುವಾಗ ಕೊಡುವ ಬೋನಸ್ಸನ್ನು, ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕಾ ನೋಡಿ. ತೆರಿಗೆ, ವಿಮೆ, ಬಾಡಿಗೆ ಕಳೆದು ತಿಂಗಳ ಕೊನೆಗೆ ಏನು ಉಳಿಯುತ್ತದೆ ಎಂಬ ಒಂದು ಅಂಕಿಯನ್ನು ಇಟ್ಟುಕೊಂಡು ಎರಡು ಆಫರ್ ಹೋಲಿಸಿ.

ಸಂಬಳವಿಲ್ಲದ ಇಂಟರ್ನ್‌ಶಿಪ್ ಬಗ್ಗೆ ಹಲವು ದೇಶಗಳಲ್ಲಿ ವಾದ ನಡೆದಿದೆ. ಅಮೆರಿಕದಲ್ಲಿ 2015ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಇಂಥ ಪ್ರಕರಣಕ್ಕೆ ಒಂದು ಅಳತೆ ಕೊಟ್ಟಿತು: ಈ ಏರ್ಪಾಡಿನಿಂದ ಮುಖ್ಯ ಲಾಭ ಯಾರಿಗೆ, ಇಂಟರ್ನ್‌ಗೋ ಕಂಪನಿಗೋ? ಕಾನೂನಿನ ಮಾತು ಆಯಾ ದೇಶದ್ದು. ಆದರೆ ಈ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬಹುದು. ನೀವು ಬರದಿದ್ದರೆ ಸಂಬಳ ಕೊಟ್ಟು ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕಾಗಿತ್ತು ಅನ್ನುವಂಥ ಕೆಲಸವಾದರೆ, ಲಾಭ ಯಾರಿಗೆ ಎಂಬುದು ಸ್ಪಷ್ಟ.

ಬೇರೆ ದೇಶದಲ್ಲಿ ಓದುತ್ತಿರುವವರು ಇನ್ನೂ ಒಂದು ನೋಡಬೇಕು. ವಿದ್ಯಾರ್ಥಿ ವೀಸಾದಲ್ಲಿ ಕೆಲಸದ ಗಂಟೆಗೆ ಮಿತಿ ಇರುತ್ತದೆ. ತರಗತಿ ನಡೆಯುವ ಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ 2023ರಿಂದ ಎರಡು ವಾರಕ್ಕೆ 48 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ ಹೊರಗಿನ ಕೆಲಸಕ್ಕೆ 2024ರ ನವೆಂಬರಿನಿಂದ ವಾರಕ್ಕೆ 24 ಗಂಟೆ ಎಂದು ನಿಯಮ ಬಂದಿದೆ. ಇವು ಬದಲಾಗುತ್ತಲೇ ಇರುತ್ತವೆ, ಆಯಾ ಸರ್ಕಾರದ ತಾಣದಲ್ಲೇ ನೋಡಿಕೊಳ್ಳಿ. 'ಕ್ಯಾಷ್ ಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ' ಅನ್ನುವ ಮಾಲೀಕರು ಸಂಬಳ ಕೊಡದಿದ್ದಾಗ ನೀವು ಯಾರ ಹತ್ತಿರವೂ ದೂರು ಕೊಡಲಾಗುವುದಿಲ್ಲ ಎಂದು ಅವರಿಗೂ ಗೊತ್ತು.

ದುಡ್ಡು ಕೇಳಿದರೆ ಅಲ್ಲಿಗೆ ಮುಗಿಯಿತು

ಮೋಸದ ಕೆಲಸಗಳಿಗೆ ನೂರು ವೇಷ. ಒಳಗಿನ ತಂತ್ರ ಬೆರಳೆಣಿಕೆಯಷ್ಟೇ.

ಒಂದು, ಕೆಲಸ ಕೊಡಲು ನಿಮ್ಮಿಂದ ದುಡ್ಡು ಕೇಳುವುದು. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಡಿಪಾಸಿಟ್, ಹೆಸರು ಏನೇ ಇರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಪ್ಪಂದವೊಂದು ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಎಂಬ ನಿಯಮ ಇಟ್ಟಿದೆ, ಕೆಲವೇ ವಿನಾಯಿತಿಗಳೊಂದಿಗೆ. ಖರ್ಚು ಕೊಡಬೇಕಾದವರು ಜನ ಬೇಕಾದವರು.

ಇನ್ನೊಂದು ಸ್ವಲ್ಪ ನಾಜೂಕು. ವಾಟ್ಸ್‌ಆಪ್‌ನಲ್ಲೋ ಟೆಲಿಗ್ರಾಂನಲ್ಲೋ ಸಂದೇಶ ಬರುತ್ತದೆ: ವಿಡಿಯೋಗೆ ಲೈಕ್ ಒತ್ತಿ, ದುಡ್ಡು ಗಳಿಸಿ. ಮೊದಲು ನಿಜವಾಗಿಯೂ ಸ್ವಲ್ಪ ದುಡ್ಡು ಬರುತ್ತದೆ. ನಂಬಿಕೆ ಕೂತ ಮೇಲೆ, ಮುಂದಿನ ಟಾಸ್ಕ್‌ಗೆ ನೀವೇ ಒಂದಿಷ್ಟು ಹಾಕಿ ಅನ್ನುತ್ತಾರೆ. ಹಾಕಿದ್ದು ವಾಪಸ್ ಬರುವುದಿಲ್ಲ. ತೆಗೆಯಲು ಇನ್ನೂ ಹಾಕಿ ಅನ್ನುತ್ತಾರೆ.

ಎಲ್ಲಕ್ಕಿಂತ ಅಪಾಯದ್ದು ಬೇರೆ. 'ನಿಮ್ಮ ಖಾತೆಗೆ ದುಡ್ಡು ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಈ ಖಾತೆಗೆ ಕಳಿಸಿ' ಎಂಬ ಕೆಲಸ. ಅದು ಬೇರೆ ಯಾರಿಂದಲೋ ಕದ್ದ ದುಡ್ಡು. ಇಲ್ಲಿ ನೀವು ಮೋಸ ಹೋಗುವುದಷ್ಟೇ ಅಲ್ಲ, ಪೊಲೀಸರ ಕಣ್ಣಿಗೆ ಆರೋಪಿಯೂ ಆಗಬಹುದು. ಪಾರ್ಸೆಲ್ ಪಡೆದು ಬೇರೆ ವಿಳಾಸಕ್ಕೆ ಕಳಿಸುವ ಕೆಲಸವೂ ಇದೇ ಜಾತಿ.

ಸಂದರ್ಶನವೇ ಇಲ್ಲದ ಆಫರ್, ಕಂಪನಿಯ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರುವ ಇಮೇಲ್, ಸೇರುವ ಮೊದಲೇ ಬ್ಯಾಂಕ್ ಒಟಿಪಿ ಕೇಳುವುದು, ಇವು ಕಂಡರೆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಕಂಪನಿಯ ವೆಬ್‌ಸೈಟಿನಿಂದ ನಂಬರ್ ತೆಗೆದು, ಅಲ್ಲಿಗೆ ಫೋನ್ ಮಾಡಿ ಕೇಳಿ.

ಕಾಗದ ಓದಿ, ಆಮೇಲೆ ಸಹಿ

ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಅದು ಇಲ್ಲ. ಕೆಲಸದ ಹೆಸರು, ಜಾಗ, ಸಮಯ, ಸಂಬಳ, ಪ್ರೊಬೇಷನ್ (ಕಾಯಂ ಮಾಡುವ ಮೊದಲಿನ ಪರೀಕ್ಷಾ ಅವಧಿ), ನೋಟಿಸ್ ಪೀರಿಯಡ್ (ಬಿಡುವ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು), ಇಷ್ಟು ಇರಲೇಬೇಕು. ಬಾಂಡ್, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂದು ಬರೆದುಕೊಡುವ ಕರಾರು, ಇದ್ದರೆ ಜಾಸ್ತಿ ಗಮನ ಕೊಡಿ. ಎಷ್ಟು ಕಾಲ, ಬಿಟ್ಟರೆ ಎಷ್ಟು ಕಟ್ಟಬೇಕು, ಅವರೇ ತೆಗೆದುಹಾಕಿದರೆ ಏನು? ಮೂಲ ಅಂಕಪಟ್ಟಿಗಳನ್ನು ಅವರಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಬೇಡ ಅನ್ನಿ. ನೋಡಿ ವಾಪಸ್ ಕೊಡಲಿ.

ಬಾಂಡ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಆರ್ಥಿಕ ಹಿಂಜರಿತದ ವರ್ಷದಲ್ಲಿ ಪದವಿ ಮುಗಿಸಿದ ಕೆನಡಾದ ವಿದ್ಯಾರ್ಥಿಗಳ ಮೇಲೆ 2012ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಅವರ ಮೊದಲ ಗಳಿಕೆ ಸುಮಾರು 9% ಕಡಿಮೆ ಇತ್ತು. ಐದು ವರ್ಷದಲ್ಲಿ ಆ ಅಂತರ ಅರ್ಧಕ್ಕೆ ಇಳಿಯಿತು, ಹತ್ತು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಮಾಯವಾಯಿತು. ಚೇತರಿಕೆಯಲ್ಲಿ ದೊಡ್ಡ ಪಾಲು, ಮೊದಲ ಕೆಲಸ ಬಿಟ್ಟು ಹೆಚ್ಚು ಸಂಬಳ ಕೊಡುವ ಕಂಪನಿಗಳಿಗೆ ಹೋಗುವುದರಿಂದ ಬಂತು. ಹಾಗಾಗಿ ಕಡಿಮೆ ಸಂಬಳದ ಮೊದಲ ಕೆಲಸಕ್ಕಿಂತ, ಬಿಡಲಾಗದ ಮೊದಲ ಕೆಲಸಕ್ಕೆ ನಾನು ಜಾಸ್ತಿ ಹೆದರುತ್ತೇನೆ.

ಹೂಂ ಅನ್ನುವುದಾ, ಕಾಯುವುದಾ?

ಗಣಿತದಲ್ಲಿ ಇದಕ್ಕೊಂದು ಚಂದದ ಲೆಕ್ಕ ಇದೆ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬರುತ್ತಾರೆ, ಬಿಟ್ಟವರು ಮತ್ತೆ ಸಿಗುವುದಿಲ್ಲ ಅಂದಾಗ, ಮೊದಲ 37% ಮಂದಿಯನ್ನು ಸುಮ್ಮನೆ ನೋಡಿ ಬಿಡಿ, ಆಮೇಲೆ ಅವರೆಲ್ಲರಿಗಿಂತ ಉತ್ತಮರು ಬಂದ ತಕ್ಷಣ ಆರಿಸಿ ಎನ್ನುತ್ತದೆ ಅದು. ಕೇಳಲು ಚೆನ್ನ. ಆದರೆ ಅಭ್ಯರ್ಥಿಗಳ ಜಾಗದಲ್ಲಿ ಆಫರ್‌ಗಳನ್ನು ಇಟ್ಟು ನೋಡಿದರೆ ವಿದ್ಯಾರ್ಥಿಗೆ ಉಪಯೋಗ ಕಡಿಮೆ. ನಿಮಗೆ ಒಟ್ಟು ಎಷ್ಟು ಆಫರ್ ಬರುತ್ತವೆ ಎಂದು ಮೊದಲೇ ಗೊತ್ತಿರುವುದಿಲ್ಲ. ಒಂದೇ ಬಂದರೂ ಬರಬಹುದು.

ಅದಕ್ಕಿಂತ ಸುಲಭದ ಉಪಾಯ, ಹುಡುಕಲು ಶುರು ಮಾಡುವ ಮೊದಲೇ ನಿಮ್ಮ ಕನಿಷ್ಠವನ್ನು ಬರೆದಿಡುವುದು. ಇಷ್ಟಕ್ಕಿಂತ ಕಡಿಮೆ ಸಂಬಳ ಬೇಡ, ಇಷ್ಟಕ್ಕಿಂತ ಜಾಸ್ತಿ ಗಂಟೆ ಆಗದು, ಬಾಂಡ್ ಇಷ್ಟು ತಿಂಗಳ ಒಳಗೆ. ಆಫರ್ ಬಂದ ದಿನ ಅದನ್ನು ತೆಗೆದು ನೋಡಿ. ಕನಿಷ್ಠಕ್ಕಿಂತ ಕೆಳಗಿದ್ದರೆ ಎಷ್ಟೇ ಒತ್ತಡವಿದ್ದರೂ ಬೇಡ. ಮೇಲಿದ್ದು, ಇನ್ನೊಂದು ಕಡೆಯ ಫಲಿತಾಂಶ ಬಾಕಿ ಇದ್ದರೆ ಸಮಯ ಕೇಳಿ: 'ಆಫರ್ ನೋಡಿ ಖುಷಿಯಾಯಿತು. ಬರುವ ಶುಕ್ರವಾರದ ಒಳಗೆ ಖಚಿತ ಉತ್ತರ ಕೊಡಬಹುದಾ?' ಎಂದು ದಿನ ಹೇಳಿ ಕೇಳಿದರೆ ಹಲವರು ಒಪ್ಪುತ್ತಾರೆ. ಅದೇ ದಿನ ಎರಡನೇ ಕಂಪನಿಗೂ ಬರೆದು, ನಿಮ್ಮ ಕೈಯಲ್ಲಿ ಒಂದು ಆಫರ್ ಇದೆ, ಇಂಥ ದಿನದೊಳಗೆ ಉತ್ತರ ಕೊಡಬೇಕು ಎಂದು ತಿಳಿಸಿ. ಅಲ್ಲಿ ತೂಕಡಿಸುತ್ತಿದ್ದ ಫೈಲು ಎಷ್ಟೋ ಸಲ ಆಗಲೇ ಎಚ್ಚರವಾಗುವುದು.